ಬತ್ತಿ ಬೇಕು, ಹೊಸೆದ ಕೈ ಬೇಡವೇ?

ಅಕ್ಕಂದಿರೇ, ಅಣ್ಣಂದಿರೇ, ಕೈಯಲ್ಲಿ ಕೆಲಸವಿದ್ದರೆ ಮಾಡುತ್ತಲೇ ಕೇಳಿ. ಇದು ದೇವರ ಅಂಗಿಯೊಂದರ ಕಥೆ. ಅದನ್ನು ಹೊಲಿದ ಹೆಂಗಸಿನ ಕಥೆ ಎಂದರೂ ಸರಿಯೇ.

ಬೀದಿಯವರ ಬಾಯಲ್ಲಿ ಅವಳು ಹೊಲಿಗೆಯಕ್ಕ. ಮನೆಯವರಿಗೆ ಮಾತ್ರ, ಕಿವಿಯ ಪಕ್ಕದಲ್ಲಿ ನರೆಗೂದಲು ಇಣುಕಿದರೂ ಇನ್ನೂ ಪುಟ್ಟಿ. ಗಂಡ ಲಾರಿ ಓಡಿಸುತ್ತಿದ್ದವನು. ದೂರದ ಊರಿಗೆ ಹೋದವನು ಜ್ವರ ಹೊತ್ತು ಬಂದ, ಆಸ್ಪತ್ರೆ ಸೇರಿದ, ಮನೆಗೆ ಬರಲಿಲ್ಲ. ಅಳುವುದನ್ನೆಲ್ಲ ಅತ್ತು ಮುಗಿಸಿ, ಹೊಲಿಗೆ ಯಂತ್ರ ಹೊರಿಸಿಕೊಂಡು ಅವಳು ಅಣ್ಣನ ಮನೆಗೆ ಬಂದಳು. ಬೀದಿ ಕಡೆಯ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಯಂತ್ರ ಇಟ್ಟುಕೊಂಡು ದುಡಿಯತೊಡಗಿದಳು. ಯಾರ ಹಂಗಿನಲ್ಲೂ ಇರಲಿಲ್ಲ.

ಆದರೆ ಅಂದಿನಿಂದ ಒಂದು ತಮಾಷೆ ಶುರುವಾಯಿತು. ತಮಾಷೆ ಎನ್ನುತ್ತಿದ್ದೇನೆ, ಹೇಳುವಾಗ ನನಗೇ ಸಿಟ್ಟು ಬರುತ್ತದೆ. ಬೀದಿಯಲ್ಲಿ ಯಾವ ಮದುವೆಯಾದರೂ ಮದುಮಗಳ ರವಿಕೆಗೆ ಅವಳ ಕೈಯೇ ಆಗಬೇಕು. ಮದುವೆಯ ದಿನ ಅವಳು ಎದುರಿಗೆ ಬರಬಾರದು. ಕೂಸಿನ ಕುಲಾವಿ ಅವಳೇ ಹೊಲಿಯಬೇಕು, ಕೂಸಿಗೆ ಹೆಸರಿಡುವ ದಿನ ಅವಳು ಬೇಡ. ಬೆಳಿಗ್ಗೆ ಕೆಲಸಕ್ಕೆ ಹೊರಟ ಗಂಡಸರಿಗೆ ಕಿಟಕಿಯಲ್ಲಿ ಅವಳ ಮುಖ ಕಂಡರೆ ಸಾಕು, ಮನೆಗೆ ತಿರುಗಿ, ಚಪ್ಪಲಿ ಬಿಟ್ಟು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅವರ ಮೈಮೇಲಿನ ಅಂಗಿಯೂ ಅವಳು ಹೊಲಿದದ್ದೇ.

ಅಣ್ಣನದು ಸೈಕಲ್ ರಿಪೇರಿ ಅಂಗಡಿ. ವರ್ಷಕ್ಕೊಮ್ಮೆ ಅವನು ದೇವರಾಗುತ್ತಿದ್ದ. ನಗಬೇಡಿ, ನಿಜವಾಗಿಯೂ. ಅವರ ಅಪ್ಪ ಮೇಷ್ಟರಾಗಿದ್ದವರು ಒಂದು ಭಕ್ತಿ ನಾಟಕ ಬರೆದಿದ್ದರು. ಅವರು ತೀರಿಹೋದ ಮೇಲೂ ಬೀದಿಯ ಜನ ತಗಡಿನ ಸೂರಿನ ಸಭಾಂಗಣದಲ್ಲಿ ಪ್ರತಿ ವರ್ಷ ಅದನ್ನು ಆಡುತ್ತಿದ್ದರು. ಬತ್ತಿಯಜ್ಜಿ ಎಂಬ ವಿಧವೆ ಗುಡಿಯ ದೀಪಗಳಿಗೆಲ್ಲ ಬತ್ತಿ ಹೊಸೆದು ಕೊಡುತ್ತಾಳೆ. ಬತ್ತಿ ಒಳಗೆ ಹೋಗುತ್ತದೆ, ಅಜ್ಜಿ ಹೊಸ್ತಿಲಾಚೆ ಉಳಿಯುತ್ತಾಳೆ. ಒಂದು ಸಂಜೆ ಅವಳನ್ನು ಹೊಸ್ತಿಲಿಂದಲೂ ಅಟ್ಟುತ್ತಾರೆ. ಆಗ ಗುಡಿಯ ದೀಪಗಳೆಲ್ಲ ಆರಿಹೋಗುತ್ತವೆ, ಯಾರು ಹಚ್ಚಿದರೂ ಹತ್ತುವುದಿಲ್ಲ. ಕೊನೆಗೆ ಅಲ್ಲಿಯವರೆಗೂ ಕಲ್ಲಾಗಿ ನಿಂತಿದ್ದ ದೇವರೇ ಹೊರಗೆ ಬಂದು ಗುಡುಗುತ್ತಾನೆ: “ಇವಳು ಹೊಸೆದ ಬತ್ತಿ ಬೇಕು, ಇವಳು ಬೇಡವೇ? ಇವಳಿಗಿಲ್ಲದ ಗುಡಿ ನನಗೂ ಬೇಡ!”

ಈ ಮಾತಿಗೆ ಸಭಾಂಗಣ ಗೊಳೋ ಎಂದು ಅಳುತ್ತಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಕ್ಕಿ ಅಂಗಡಿ ಯಜಮಾನರೂ ಅಳುತ್ತಿದ್ದರು. ದೀಪದ ವ್ಯವಸ್ಥೆ ಅವರದು, ಕುರ್ಚಿಗಳೂ ಅವರವು, ಹಾಗಾಗಿ ಅಳುವುದಕ್ಕೂ ಅವರೇ ಮೊದಲು. ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಮಾರನೆಯ ಬೆಳಿಗ್ಗೆ ಕಿಟಕಿಯಲ್ಲಿ ಹೊಲಿಗೆಯಕ್ಕ ಕಂಡರೆ ಮತ್ತೆ ಚಪ್ಪಲಿ ಬಿಟ್ಟು ನೀರು.

ಇನ್ನೊಂದು ವಿಷಯ ಹೇಳಬೇಕು. ಬತ್ತಿಯಜ್ಜಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪುತ್ತಿರಲಿಲ್ಲ. ಗಂಡ ಇರುವವಳು ನಾಟಕಕ್ಕಾದರೂ ಬಿಳಿ ಸೀರೆ ಉಡಬಾರದಂತೆ. ಗಂಡ ಇಲ್ಲದವಳು ದೇವರ ನಾಟಕದ ರಂಗ ಹತ್ತಬಾರದಂತೆ. ಹಾಗಾಗಿ ಮೀಸೆ ಬೋಳಿಸಿಕೊಂಡು ಆ ಪಾತ್ರ ಮಾಡುತ್ತಿದ್ದವನು ಪೋಸ್ಟ್‌ಮ್ಯಾನ್. ಹೋದ ವರ್ಷ ಅಳುವ ದೃಶ್ಯದಲ್ಲಿ ಬೆವರೊರೆಸಲು ಸೀರೆಯನ್ನು ಟವೆಲಿನಂತೆ ಎತ್ತಿದ, ಒಳಗಿನ ಖಾಕಿ ಪ್ಯಾಂಟು ಕಂಡಿತು, ಜನ ಬಿದ್ದು ಬಿದ್ದು ನಕ್ಕರು. ಅಪ್ಪನ ನಾಟಕದ ಪ್ರತಿ ಮಾತೂ ಬಾಯಿಪಾಠವಿದ್ದ ಹೊಲಿಗೆಯಕ್ಕ ಅಂದು ಪರದೆಯ ಹಿಂದೆ, ವೇಷದ ಟ್ರಂಕಿನ ಮರೆಯಲ್ಲಿ, ತುಟಿ ಕಚ್ಚಿಕೊಂಡು ಕೂತಿದ್ದಳು.

ಈ ವರ್ಷ ಅಣ್ಣನಿಗೆ ಹೊಸ ಅಂಗಿ. ನೀಲಿ ರೇಷ್ಮೆ, ಜರಿಯ ಕಾಲರು, ತೋಳಿಗೆ ಮುತ್ತಿನ ಸಾಲು. ಹಗಲೆಲ್ಲ ಕೂತು ಒಂದೊಂದೇ ಮುತ್ತು ಪೋಣಿಸಿ ಹೊಲಿದಿದ್ದಳು. ನಾಟಕದ ಹಿಂದಿನ ದಿನ ಅಂಗಿ ಕೊಟ್ಟಳು. ಒಡನೆಯೇ ಅಮ್ಮ ಒಳಗಿಂದ ಸೊಸೆಯನ್ನು ಕೂಗಿದರು. “ಅದಕ್ಕೆ ನೀರು ಚಿಮುಕ್ಸಮ್ಮ. ಆಮೇಲೆ ಹಾಕ್ಕೊಳ್ಳಲಿ.”

ಅತ್ತಿಗೆ ಒಳ್ಳೆಯವಳು, ಅತ್ತೆಯ ಮಾತು ಮೀರದವಳು. ತಲೆ ತಗ್ಗಿಸಿಕೊಂಡು ಬಂದು ಚೊಂಬಿನಿಂದ ನೀರು ತೆಗೆದು ಅಂಗಿಯ ಮೇಲೆ ಚಿಮುಕಿಸಿದಳು. ವಿಧವೆಯ ಕೈಯಿಂದ ಬಂದ ಬಟ್ಟೆ ದೇವರ ಮೈಗೇರುವ ಮೊದಲು ಹೀಗೆ ಶುದ್ಧವಾಗಬೇಕು. ಪ್ರತಿ ವರ್ಷದ ಪದ್ಧತಿ. ನೀಲಿ ರೇಷ್ಮೆಯ ಮೇಲೆ ಹನಿಗಳು ಕಲೆಯಾಗಿ ಕೂತವು.

ಅಣ್ಣ ಅಂಗಿ ತೊಟ್ಟು, ಕಿರೀಟ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡು ಗುಡುಗಿದ. “ಇವಳು ಹೊಸೆದ ಬತ್ತಿ ಬೇಕು, ಇವಳು ಬೇಡವೇ?”

ಹೊಲಿಗೆಯಕ್ಕ ಯಂತ್ರ ನಿಲ್ಲಿಸಿದಳು.

“ಅಣ್ಣಾ, ಅದನ್ನ ಇನ್ನೊಂದ್ಸಲ ಹೇಳು.”

“ಚೆನ್ನಾಗಿ ಬಂತಾ?” ಅಣ್ಣ ಹಿಗ್ಗಿ ಮತ್ತೆ ಹೇಳಿದ.

“ಯಾರಿಗೆ ಹೇಳ್ತಿದೀಯ?”

“ಯಾರಿಗೆ ಅಂದ್ರೆ? ಬತ್ತಿಯಜ್ಜಿನ ಅಟ್ಟಿದವರಿಗೆ.”

“ಅವರು ಎಲ್ಲಿದಾರೆ ಅಣ್ಣಾ? ನಿನ್ನ ಅಂಗಿ ಇನ್ನೂ ಒದ್ದೆ ಇದೆ ನೋಡು.”

ಅಣ್ಣ ಕನ್ನಡಿಯಲ್ಲಿ ತನ್ನ ತೋಳು ನೋಡಿಕೊಂಡ. ಮೆಲ್ಲಗೆ ಕಿರೀಟ ತೆಗೆದು ಮೇಜಿನ ಮೇಲಿಟ್ಟ.

“ಬಿಚ್ಚು. ಕಲೆ ತೆಗೀಬೇಕು,” ಎಂದಳು ತಂಗಿ. ಅವನು ಬಿಚ್ಚಿ ಕೊಟ್ಟ. ಅವಳು ಕಲೆ ತೆಗೆಯಲು ಹೋಗಲಿಲ್ಲ. ಆ ಅಂಗಿಯನ್ನೂ, ಉಳಿದ ವೇಷಗಳನ್ನೂ ಮಡಿಸಿ, ಕಿರೀಟವನ್ನೂ ಜೋಡಿಸಿ ಟ್ರಂಕಿನಲ್ಲಿ ಇಟ್ಟಳು. ಬೀಗ ಹಾಕಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟ್ರಂಕಿನ ಮೇಲೆಯೇ ಕೂತಳು.

“ಈ ವರ್ಷ ಬತ್ತಿಯಜ್ಜಿ ನಾನು. ನಾನು ಹೊಲಿದ ಬಟ್ಟೆಗೆ ಯಾರೂ ನೀರು ಚಿಮುಕಿಸೋ ಹಾಗಿಲ್ಲ. ಆಗಲ್ಲ ಅಂದ್ರೆ ದೇವರು ಬನೀನ್‌ನಲ್ಲೇ ಬರಲಿ.”

ಮನೆ ರಣರಂಗವಾಯಿತು. ಅಮ್ಮ ಅಡುಗೆ ಕೋಣೆಯಿಂದ ಬಂದವರೇ ಹಣೆ ಚಚ್ಚಿಕೊಂಡರು. “ತಲೆ ಕೆಟ್ಟಿದ್ಯೇನೇ ನಿಂಗೆ? ನಾನೂ ಗಂಡನ್ನ ಕಳ್ಕೊಂಡವಳೇ. ಇಷ್ಟು ವರ್ಷ ಕಂಬದ ಹಿಂದೆ ಕೂತ್ಕೊಂಡು ನಾಟಕ ನೋಡಿಲ್ವಾ? ನನಗಿಲ್ಲದ ಉರಿ ನಿನಗ್ಯಾಕೆ?”

“ನಿನಗೂ ಇದೆ ಅಮ್ಮ. ನೀನು ನುಂಗ್ಕೊಂಡಿದೀಯ. ನನ್ನ ಕೈಲಿ ಆಗಲ್ಲ.”

“ಪುಟ್ಟಿ, ನನಗೇನಿಲ್ಲ ಕಣೇ,” ಎಂದ ಅಣ್ಣ. “ಆದ್ರೆ ಜನ ಏನಂತಾರೆ?”

“ಜನ ಅಂದ್ರೆ ಯಾರು? ನೀನು ಜನ ಅಲ್ವಾ?”

ಅಷ್ಟರಲ್ಲಿ ಬಾಗಿಲಲ್ಲಿ ನರ್ಸಮ್ಮ ಕಾಣಿಸಿಕೊಂಡರು. ಆಸ್ಪತ್ರೆಯ ಸಮವಸ್ತ್ರಕ್ಕೆ ಗುಂಡಿ ಹಾಕಿಸಲು ಬಂದವರು. ಟ್ರಂಕಿನ ಮೇಲೆ ಕೂತವಳನ್ನೂ, ಹಣೆ ಹಿಡಿದುಕೊಂಡ ಅಮ್ಮನನ್ನೂ ನೋಡಿ ಚಪ್ಪಲಿ ಬಿಟ್ಟು ನೇರ ಒಳಗೆ ಬಂದರು.

ವಿಷಯ ಕೇಳಿ ತಿಳಿದುಕೊಂಡ ಮೇಲೆ ಅಮ್ಮನ ಪಕ್ಕದಲ್ಲೇ ಕೂತರು. “ಅಜ್ಜಿ, ಒಂದು ಮಾತು. ನಿಮ್ಮ ಅಳಿಯ ಹೋದ ವಾರ್ಡಿನಲ್ಲಿ ನಾನೇ ಡ್ಯೂಟಿಲಿದ್ದೆ. ಟೈಫಾಯ್ಡ್. ದಾರೀಲಿ ಎಲ್ಲೋ ಕೆಟ್ಟ ನೀರು ಕುಡಿದಿದ್ರು, ಆಸ್ಪತ್ರೆಗೆ ಬರೋದು ತಡವಾಯ್ತು. ಆಸ್ಪತ್ರೆ ಕೊಟ್ಟ ಸಾವಿನ ಕಾಗದದಲ್ಲಿ ರೋಗದ ಹೆಸರಿದೆ. ನಿಮ್ಮ ಮಗಳ ಹೆಸರಿಲ್ಲ.”

“ಅದು ನಿಮ್ಮ ಆಸ್ಪತ್ರೆ ಲೆಕ್ಕ ಕಣಮ್ಮ. ದೇವರ ಲೆಕ್ಕ ಬೇರೆ.”

“ದೇವರ ಲೆಕ್ಕ ಏನು ಅಂತ ನಿಮ್ಮ ಯಜಮಾನ್ರೇ ನಾಟಕ ಬರೆದಿಟ್ಟಿದಾರಲ್ಲ ಅಜ್ಜಿ! ಭಕ್ತಿ ನಾಟಕ ಆಡ್ತಿದ್ದವರಲ್ಲಿ ಎಷ್ಟೋ ಜನ ಬರೀ ಪುಣ್ಯಕ್ಕೆ ಆಡಲಿಲ್ಲ. ಬೀದೀಲಿ ನಿಂತು ‘ನೀವು ಮಾಡ್ತಿರೋದು ತಪ್ಪು’ ಅಂದ್ರೆ ಕಲ್ಲು ಬೀಳುತ್ತೆ. ಅದೇ ಮಾತನ್ನ ದೇವರ ಬಾಯಲ್ಲಿ ಹೇಳಿಸಿದ್ರೆ, ಓದು ಬರದವರೂ ಕೂತು ಕೇಳ್ತಾರೆ. ಮದ್ದನ್ನ ಬೆಲ್ಲದೊಳಗಿಟ್ಟು ಕೊಟ್ಟ ಹಾಗೆ. ನಮ್ಮ ಬೀದಿಯವರು ಜಾಣರು. ಬೆಲ್ಲ ನೆಕ್ಕಿ ಮದ್ದು ಉಗೀತಿದಾರೆ.”

ಅಣ್ಣ ಮೆಲ್ಲಗೆ ನಕ್ಕ. ಅಮ್ಮ ನಗಲಿಲ್ಲ. ಒಳಗಿಂದ ಕೈಯಲ್ಲೇ ತಂದಿದ್ದ ಹತ್ತಿ ಮಡಿಲಲ್ಲಿತ್ತು. ಮಾತಿನ ನಡುವೆಯೂ ಅವರ ಬೆರಳು ಬತ್ತಿ ಹೊಸೆಯುತ್ತಲೇ ಇತ್ತು. ಆ ಮನೆಯ ದೀಪಕ್ಕೆ ಬತ್ತಿ ಅಮ್ಮನದೇ, ಹಚ್ಚುವುದು ಮಾತ್ರ ಸೊಸೆ. ಇಷ್ಟು ವರ್ಷ ಅದು ಯಾರಿಗೂ ಕಂಡಿರಲಿಲ್ಲ. ಈಗ ಎಲ್ಲರೂ ಅವರ ಬೆರಳನ್ನೇ ನೋಡುತ್ತಿದ್ದರು. ಅಮ್ಮನಿಗೂ ಅದು ತಿಳಿಯಿತು, ಬೆರಳು ನಿಂತಿತು.

“ನಿಮ್ಮಪ್ಪ ಮೊದಲ ಸಲ ನಾಟಕ ಆಡಿಸಿದಾಗ ಬತ್ತಿಯಜ್ಜಿ ಪಾತ್ರ ನೀನೇ ಮಾಡು ಅಂತ ನನ್ನ ಕೇಳಿದ್ರು,” ಎಂದರು ಅಮ್ಮ, ಯಾರ ಮುಖವನ್ನೂ ನೋಡದೆ. “ನಿನ್ನ ಅತ್ತೆ ಪಟ್ಟ ಪಾಡನ್ನ ಕಣ್ಣಾರೆ ಕಂಡು ಬರೆದಿದ್ದು, ನಿನಗಿಂತ ಚೆನ್ನಾಗಿ ಯಾರು ಮಾಡ್ತಾರೆ ಅಂದ್ರು. ನಾನು ಒಲ್ಲೆ ಅಂದೆ. ಬಿಳಿ ಸೀರೆ ಉಟ್ಟರೆ ಅವರಿಗೆ ಏನಾದ್ರೂ ಆದೀತು ಅಂತ ಹೆದರಿದೆ. ಎಷ್ಟು ಬೇಡ್ಕೊಂಡ್ರೂ ಉಡಲಿಲ್ಲ. ಕೊನೆಗೆ ಯಾರೋ ಗಂಡಸು ಮಾಡಿದ.”

“ಉಡಲಿಲ್ಲ,” ಎಂದರು ಮತ್ತೆ. “ಆದ್ರೂ ಅವರು ಹೋದ್ರು.”

ಮಗಳು ಟ್ರಂಕಿನಿಂದ ಇಳಿದು ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತಳು.

“ಹಾಗಾದ್ರೆ ಈ ಕಟ್ಟಳೆ ಯಾರನ್ನ ಕಾಪಾಡ್ತು ಅಮ್ಮ? ಅಪ್ಪನ್ನ ಕಾಪಾಡಲಿಲ್ಲ. ನೀನು ಎಲ್ಲ ಪಾಲಿಸಿದೆ. ನಾನೂ ಪಾಲಿಸಿದೆ. ನಮಗೆ ಸಿಕ್ಕಿದ್ದು ಏನು, ಒಂದು ಕಂಬ, ಒಂದು ಟ್ರಂಕು.”

ಅಮ್ಮನ ಕಣ್ಣು ತುಂಬಿತು, ಮನಸ್ಸು ಮಾತ್ರ ಕರಗಲಿಲ್ಲ. “ನಾಳೆ ನಾನು ಬರಲ್ಲ. ನಿನ್ನ ಯಾರಾದ್ರೂ ಕೆಳಗಿಳಿಸೋದನ್ನ ನೋಡೋ ಶಕ್ತಿ ನನಗಿಲ್ಲ,” ಎಂದು ಎದ್ದು ಒಳಗೆ ಹೋದರು. ಅತ್ತಿಗೆ ಚೊಂಬಿನ ನೀರನ್ನು ಕಿಟಕಿಯಾಚೆಯ ಗಿಡಕ್ಕೆ ಸುರಿದಳು. ಅಣ್ಣ ತಂಗಿಯ ಮುಂದೆ ಕೈ ಚಾಚಿದ.

“ಕೀಲಿ ಕೊಡು ಪುಟ್ಟಿ. ನಿನ್ನ ಬಿಳಿ ಸೀರೆಗೆ ಇಸ್ತ್ರಿ ನಾನೇ ಹಾಕ್ತೀನಿ. ಪೋಸ್ಟ್‌ಮ್ಯಾನ್‌ಗೂ ನಾನೇ ಹೇಳ್ತೀನಿ.”

ಪೋಸ್ಟ್‌ಮ್ಯಾನ್‌ಗೆ ಹೇಳುವುದೇನೂ ಕಷ್ಟವಾಗಲಿಲ್ಲ. ಅವನು ಕನ್ನಡಿ ಹಿಡಿದು ಮೀಸೆ ಬೋಳಿಸಲು ಕೂತಿದ್ದವನು, ಬ್ಲೇಡು ಕೆಳಗಿಟ್ಟು, “ಬದುಕಿದೆ!” ಎಂದ.

ಮರುದಿನ ಸಂಜೆ ಸಭಾಂಗಣ ಭರ್ತಿಯಾಗಿತ್ತು. ಪರದೆ ಸರಿಯಿತು. ಬಣ್ಣ ಬಳಿದ ಹಲಗೆಯ ಗುಡಿ, ಅದರೊಳಗೆ ನೀಲಿ ರೇಷ್ಮೆಯಲ್ಲಿ ಮಿಂಚುತ್ತಾ ಕಲ್ಲಿನಂತೆ ನಿಂತ ದೇವರು. ಎಂದಿನಂತೆ ಇಡೀ ಸಭೆ ಕೈ ಮುಗಿಯಿತು. ಅಕ್ಕಿ ಅಂಗಡಿ ಯಜಮಾನರು ಎದ್ದು ನಿಂತು, ಕಣ್ಣು ಮುಚ್ಚಿ ಕೈ ಮುಗಿದು ಕೂತರು.

ಬತ್ತಿಯಜ್ಜಿ ಪಕ್ಕದ ಪರದೆಯಿಂದ ಬರಬೇಕಿತ್ತು. ಬರಲಿಲ್ಲ. ಸಭಾಂಗಣದ ಮುಂಬಾಗಿಲು ತೆರೆಯಿತು. ಬಿಳಿ ಸೀರೆಯುಟ್ಟು, ಕೈಯಲ್ಲಿ ಬತ್ತಿಯ ಬುಟ್ಟಿ ಹಿಡಿದು, ಹೊಲಿಗೆಯಕ್ಕ ಜನರ ನಡುವಿನ ದಾರಿಯಲ್ಲಿ ನಡೆದು ಬಂದಳು. ಪರದೆಯ ಹಿಂದಿನ ದಾರಿ ಅವಳಿಗೆ ಸಾಕಾಗಿ ಹೋಗಿತ್ತು. ರಂಗದ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಯಜಮಾನರು ಗುರುತು ಹಿಡಿದರು.

“ಏಯ್, ನಿಲ್ಲಮ್ಮ! ಇದು ದೇವರ ನಾಟಕ. ಅಪಶಕುನದಿಂದ ಶುರು ಮಾಡ್ತೀರಾ? ಇಳಿ ಕೆಳಗೆ!”

ಅವಳು ಇಳಿಯಲಿಲ್ಲ. ತಿರುಗಿ ನಿಂತಳು.

“ಯಜಮಾನ್ರೇ, ನಿಮ್ಮ ಮಗಳ ಮದುವೆ ರವಿಕೆ ಹೊಲಿದವಳು ನಾನು. ತೋಳಿನ ಕಸೂತಿಯೂ ನಂದೇ. ಅವಳು ಚೆನ್ನಾಗಿದಾಳೆ ತಾನೇ?”

“ಹೊಲಿಗೆ ಬೇರೆ, ಇದು ಬೇರೆ!”

ಆಗ ನಡೆಯಬಾರದ್ದು ನಡೆಯಿತು. ಕೊನೆಯ ದೃಶ್ಯದವರೆಗೂ ಕಲ್ಲಾಗಿರಬೇಕಿದ್ದ ದೇವರು ಮೊದಲ ದೃಶ್ಯದಲ್ಲೇ ಬಾಯಿ ಬಿಟ್ಟ.

“ಇವಳು ಹೊಲಿದ ಅಂಗಿ ಬೇಕು, ಇವಳು ಬೇಡವೇ? ಇವಳಿಗಿಲ್ಲದ ರಂಗ ನನಗೂ ಬೇಡ!”

“ನೀನು ಸೈಕಲ್ ರಿಪೇರಿಯವನು ಕಣಯ್ಯ! ಸುಮ್ನೆ ನಿಂತ್ಕೋ!”

“ಈಗ ತಾನೇ ಕೈ ಮುಗಿದ್ರಲ್ಲ ಯಜಮಾನ್ರೇ,” ಎಂದ ದೇವರು.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹರಡಿತು. ಯಜಮಾನರ ಮುಖ ಕೆಂಪೇರಿತು. ಹೆಗಲ ವಸ್ತ್ರ ಕೊಡವಿಕೊಂಡು, “ಬರೋರು ಬನ್ನಿ!” ಎಂದು ಹೊರಟರು. ಒಂದಷ್ಟು ಜನ ಅವರ ಹಿಂದೆ ಹೋದರು. ಬಹಳಷ್ಟು ಜನ ಹೋಗುವುದೋ ಬಿಡುವುದೋ ತಿಳಿಯದೆ ರಂಗದತ್ತಲೂ ಬಾಗಿಲತ್ತಲೂ ನೋಡುತ್ತಾ ಉಳಿದರು. ಮುಂದಿನ ಸಾಲಿನ ನಡುಗುರ್ಚಿ ಖಾಲಿ ಬಿತ್ತು. ಹೊಲಿಗೆಯಕ್ಕನಿಗೆ ಮೊದಲ ಮಾತೇ ನೆನಪಾಗಲಿಲ್ಲ.

ಆಗ ಹಿಂದಿನ ಕಂಬದ ಮರೆಯಿಂದ ಒಬ್ಬ ಮುದುಕಿ ಎದ್ದರು. ಬರುವುದಿಲ್ಲ ಎಂದಿದ್ದ ಅಮ್ಮ. ಸೆರಗು ಹೊದ್ದು, ನಿಧಾನಕ್ಕೆ, ಇಡೀ ಸಭೆಯನ್ನು ದಾಟಿ ಬಂದು ಆ ಖಾಲಿ ಕುರ್ಚಿಯಲ್ಲಿ ಕೂತರು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಹೂಂ, ಶುರು ಮಾಡು ಪುಟ್ಟಿ. ಇಲ್ಲಿಂದ ಚೆನ್ನಾಗಿ ಕಾಣುತ್ತೆ.”

ಮಾತು ನೆನಪಾಯಿತು. ಅವಳು ಆಡಿದ ಹಾಗೆ ಬತ್ತಿಯಜ್ಜಿಯನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಹೊಸ್ತಿಲಿಂದ ಅಟ್ಟುವ ದೃಶ್ಯದಲ್ಲಿ ಅವಳು ಅಳಲಿಲ್ಲ. ಬುಟ್ಟಿ ಕೆಳಗಿಟ್ಟು, ಅಟ್ಟಿದವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅಷ್ಟಕ್ಕೇ ಸಭೆಯಲ್ಲಿದ್ದ ಗಂಡಸರು ತಲೆ ತಗ್ಗಿಸಿದರು. ಕಿಟಕಿಯ ಹಿಂದಿನ ಮುಖವನ್ನು ಅವರು ನೇರವಾಗಿ ನೋಡಿದ್ದು ಅದೇ ಮೊದಲು.

ಕೊನೆಯ ದೃಶ್ಯ ಬಂತು. ದೀಪಗಳು ಆರಿದವು. ದೇವರು ಗುಡಿಯಿಂದ ಹೊರಬಂದು ಅಪ್ಪ ಬರೆದ ಮಾತನ್ನು ಗುಡುಗಿ, ಅಜ್ಜಿಯತ್ತ ಕೈ ಚಾಚಿದ. “ಬಾ ತಾಯಿ, ಒಳಗೆ ಬಂದು ದೀಪ ಹಚ್ಚು.” ಇಲ್ಲಿ ಅಜ್ಜಿ ಕಾಲಿಗೆ ಬೀಳಬೇಕು. ಪರದೆ ಇಳಿಯಬೇಕು.

ಹೊಲಿಗೆಯಕ್ಕ ಬೀಳಲಿಲ್ಲ.

“ನಾನೊಬ್ಬಳೇ ಬರಲ್ಲ ಸ್ವಾಮಿ,” ಎಂದಳು. “ಕಂಬದ ಹಿಂದೆ, ಬಾಗಿಲ ಹಿಂದೆ ಇನ್ನೂ ಎಷ್ಟು ಜನ ಕೂತಿದಾರೆ ನೋಡು. ಅವರನ್ನ ಕರೆದರೆ ನಾನೂ ಬರ್ತೀನಿ. ಕರೀದಿದ್ರೆ ನಿನ್ನ ಗುಡಿ ಕತ್ತಲಲ್ಲೇ ಇರಲಿ.”

ದೇವರಿಗೆ ಇದಕ್ಕೆ ಬರೆದ ಮಾತಿರಲಿಲ್ಲ. ಅಣ್ಣ ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು, ರಂಗದ ಅಂಚಿಗೆ ಬಂದು, ತನ್ನದೇ ದನಿಯಲ್ಲಿ ಕರೆದ.

“ಬನ್ನಿ. ಎಲ್ಲರೂ ಬನ್ನಿ. ಅಮ್ಮ, ನೀನು ಮೊದಲು ಬಾ.”

ಅಮ್ಮ ಎದ್ದರು. ಅವರ ಹಿಂದೆ ಬಟ್ಟೆ ಒಗೆದು ಗಂಜಿ ಹಾಕಿ ಕೊಡುವ ಚಿಕ್ಕಮ್ಮ ಎದ್ದಳು. ಶಾಲೆಯಲ್ಲಿ ಗಂಟೆ ಬಾರಿಸುವ ಆಯಾ ಎದ್ದಳು. ಗೋಡೆಯ ಬದಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದ, ಇನ್ನೂ ಹುಡುಗಿಯೇ ಆಗಿದ್ದ ಒಬ್ಬಳು ಎದ್ದಳು. ಅವಳ ಮಾವ ಕೈ ಹಿಡಿದು ಕೂರಿಸಲು ನೋಡಿದ, ನರ್ಸಮ್ಮ ಆ ಕೈಯನ್ನು ಬಿಡಿಸಿದರು. ಅವರೆಲ್ಲ ಮೆಟ್ಟಿಲು ಹತ್ತಿದರು. ಅಮ್ಮ ಬುಟ್ಟಿಯಿಂದ ಒಂದು ಬತ್ತಿ ತೆಗೆದು ದೀಪಕ್ಕಿಟ್ಟರು. ಅದು ಅವರೇ ಹೊಸೆದದ್ದು. ಗೀರಿದ ಮೊದಲ ಕಡ್ಡಿ ಆರಿತು. ಮಗಳು ಇನ್ನೊಂದು ಗೀರಿ ಅಮ್ಮನ ಕೈಗೆ ಕೊಟ್ಟಳು. ದೀಪ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ತಗಡಿನ ಸೂರು ಸೂರಿನ ಜಾಗದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಅತ್ತಿಗೆ ಎಂದಿನಂತೆ ದೇವರ ಮುಂದೆ ಬತ್ತಿ ಇಟ್ಟಳು. ಆಮೇಲೆ ಬೆಂಕಿಪೊಟ್ಟಣವನ್ನು ಅತ್ತೆಯ ಕೈಗೆ ಕೊಟ್ಟು, ತಾನು ಹಿಂದೆ ಸರಿದು ನಿಂತಳು. ಹೊರಗೆ ಬೀದಿಯಲ್ಲಿ ಕೆಲಸಕ್ಕೆ ಹೊರಟಿದ್ದ ಒಬ್ಬ ಕಿಟಕಿಯಲ್ಲಿ ಹೊಲಿಗೆಯಕ್ಕನನ್ನು ಕಂಡು ಅಭ್ಯಾಸಬಲದಿಂದ ಮನೆಯತ್ತ ತಿರುಗಿದ. ಎರಡು ಹೆಜ್ಜೆ ಇಟ್ಟು ನಿಂತ. ಮತ್ತೆ ತಿರುಗಿ ಬಂದು, “ಅಕ್ಕಾ, ನನ್ನ ಅಂಗಿ ಆಯ್ತಾ?” ಎಂದು ಕೇಳಿ ಕೆಲಸಕ್ಕೆ ಹೋದ. ನೀರು ಕುಡಿಯಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಮುಂದಿನ ಮದುವೆಗೆ, ಕೂಸಿಗೆ ಹೆಸರಿಡುವ ದಿನಕ್ಕೆ, ಯಾರು ಒಳಕೋಣೆಯಲ್ಲಿ ಉಳಿಯುತ್ತಾರೆ ಎಂದು ಈಗಲೇ ನೆನಪಿಸಿಕೊಳ್ಳಿ. ನಿಮ್ಮ ಅಮ್ಮನೋ, ಅಕ್ಕನೋ, ಅತ್ತಿಗೆಯೋ, ಪಕ್ಕದ ಮನೆಯ ಹುಡುಗಿಯೋ. ಆ ದಿನ ಅವರನ್ನು ಹೆಸರು ಹಿಡಿದು ಕರೆಯಿರಿ, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮೊದಲ ಆಶೀರ್ವಾದ ಅವರಿಂದಲೇ ಪಡೆಯಿರಿ. ನಿಮ್ಮ ಬೀದಿಯಲ್ಲಿ ಭಕ್ತಿ ನಾಟಕ ಆಡುವುದಾದರೆ ಪಾತ್ರವನ್ನು ಅವರಿಗೂ ಕೊಡಿ. ಯಾರಾದರೂ ಸಿಟ್ಟಾಗಿ ಎದ್ದು ಹೋದರೆ ಹೋಗಲಿ ಬಿಡಿ, ಒಂದು ಕುರ್ಚಿ ಖಾಲಿಯಾಗುತ್ತದೆ. ಅದರಲ್ಲಿ ಕೂರಬೇಕಾದವರು ಕಂಬದ ಹಿಂದೆ ಕಾಯುತ್ತಿದ್ದಾರೆ.

ನೀವೇ ಕಂಬದ ಹಿಂದೆ ಇದ್ದೀರಾ, ಅಕ್ಕಾ? ಹಾಗಾದರೆ ಕರೆಯಲಿ ಎಂದು ಕಾಯಬೇಡಿ. ಎದ್ದು ಬನ್ನಿ.